ದೊಡ್ಡ ಹೋಟೆಲಿನ ಕಾಕಾ ಮಾಡುತ್ತಿದ್ದ ತಪ್ಪು

ಹೋದ ವಾರ ಹೊಸಪೇಟೆಯ ಗುಜರಿ ಅಂಗಡಿಯಲ್ಲಿ ಹಳೆಯ ಕಾಫಿ ಕೆಟಲ್ ಒಂದು ಕಣ್ಣಿಗೆ ಬಿತ್ತು. ತಳದಲ್ಲಿ ನಮ್ಮೂರ ದೊಡ್ಡ ಹೋಟೆಲಿನ ಮುದ್ರೆ. ಮುಚ್ಚಳ ತೆಗೆದು ಮೂಸಿದೆ. ಚಿಕೋರಿ ವಾಸನೆ ಇನ್ನೂ ಇತ್ತು, ಅಥವಾ ನನಗೆ ಹಾಗನ್ನಿಸಿತೋ...

ಡ್ಯಾಮ್ ಕಟ್ಟುವಾಗ ಇಂಜಿನಿಯರುಗಳಿಗೆಂದು ಎದ್ದ ಹೋಟೆಲದು. ಆಮೇಲೆ ಹಂಪಿ ನೋಡಲು ಬಂದ ಫಾರಿನ್‌ನವರು, ಸಂಡೂರಿನ ಮೈನಿಂಗ್ ಸಾಹುಕಾರರು ಅಲ್ಲಿ ಇಳಿದುಕೊಂಡರು. ನಮ್ಮಂಥವರು ಒಳಗೆ ಕಾಲಿಡುತ್ತಿದ್ದುದು ಒಂದೇ ಕೆಲಸಕ್ಕೆ, ಹೆಣ್ಣು ತೋರಿಸಲು. ಮನೆಯಲ್ಲಿ ತೋರಿಸಿ ಸಂಬಂಧ ಕೂಡಿಬರದಿದ್ದರೆ ಓಣಿ ತುಂಬ ಗುಲ್ಲು. ಹೋಟೆಲಿನ ಹಾಲ್‌ನಲ್ಲಾದರೆ ಕಾಫಿ ಕುಡಿದೆವು, ಬಂದೆವು, ಅಷ್ಟೇ.

ಆ ಹಾಲ್‌ಗೆ ಕಾಫಿ ತರುತ್ತಿದ್ದವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಬಿಳಿ ಕೋಟು, ಹಣೆಯ ಮೇಲೆ ವಿಭೂತಿ. ಎಂದೂ ಒಂದು ತಟ್ಟೆ ಬೀಳಿಸಿದವರಲ್ಲ.

ನನ್ನನ್ನು ನೋಡಲು ಬಂದವನು ಕಂಪ್ಲಿಯ ರೈಸ್‌ಮಿಲ್ಲಿನವರ ಮಗ. ಏನು ಚೆಲುವ ಅಂತೀರಿ! ಅಪ್ಪ ಒಳಗೊಳಗೇ ಕುಣಿಯುತ್ತಿದ್ದ. ನಾನೂ ಕರಗಿಹೋಗಿದ್ದೆ, ಸುಳ್ಳೇಕೆ ಹೇಳಲಿ. ಅವನು ಕಾಫಿ ಕೇಳಿದ. ಕಾಕಾ ಟೀ ತಂದಿಟ್ಟರು.

"ಕಿವಿ ಕೇಳಂಗಿಲ್ಲೇನಲೇ ಮುದುಕ?" ಎಂದು ಕಪ್ಪನ್ನು ತಳ್ಳಿದ. ಟೀ ಕಾಕಾರ ತೋಳಿನ ಮೇಲೆ ಚೆಲ್ಲಿತು. ಅವನ ತಾಯಿ ನಗುತ್ತಾ, "ಸಿಟ್ಟು ಒಂಚೂರು ಜಾಸ್ತಿ, ಗಂಡಸಲ್ರೀ" ಎಂದರು. ಕಾಕಾ ತಪ್ಪಾಯಿತೆಂದು ಹೇಳಿ ಕಪ್ಪು ಎತ್ತಿಕೊಂಡು ಹೋದರು.

ಕೈ ತೊಳೆಯುವ ನೆಪ ಮಾಡಿ ನಾನು ಹಿಂದೆಯೇ ಹೋದೆ. ಸುಟ್ಟಿತೇನು ಎಂದು ಕೇಳಿದೆ.

"ಸುಡ್ಲಿ ಬಿಡವ್ವ. ಕಾಫಿ ಅಂದದ್ದು ನನಗ ಕೇಳಿತ್ತು. ಹೆಣ್ಣು ನೋಡಾಕ ಬಂದೋರಿಗೆಲ್ಲ ಬೇಕಂತನ ಹಿಂಗ ಒಂದು ತಪ್ಪು ಮಾಡ್ತೀನಿ. ನೀ ನೋಡಿದಿ ಹೌದಲ್ಲ? ಇನ್ನ ನಿನಗ ಬಿಟ್ಟದ್ದು."

ಒಲ್ಲೆ ಎಂದೆ. ಅಪ್ಪ ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟ. ಮರುವರ್ಷ ಅದೇ ಹಾಲ್‌ಗೆ ನನ್ನನ್ನು ನೋಡಲು ಇನ್ನೊಬ್ಬರು ಬಂದರು. ಕಾಫಿ ಕೇಳಿದವರು ಟೀ ಕುಡಿದು, "ಭಾಳ ಚಲೋ ಐತ್ರಿ" ಎಂದರು. ಏನು ಕೇಳಿದ್ದೆನೆಂಬುದೇ ಅವರಿಗೆ ಮರೆತಿತ್ತಂತೆ, ಪುಣ್ಯಾತ್ಮ! ಅವರೊಂದಿಗೆ ಈಗ ಇಪ್ಪತ್ತೆಂಟು ವರ್ಷ.

ಕಾಕಾರಿಗೆ ಒಂದು ಸಲವೂ ಕೈಮುಗಿದಿರಲಿಲ್ಲ. ಹೋಟೆಲ್ ಮುಚ್ಚಿಹೋಗಿದೆ. ಮೊನ್ನೆ ಪಾಪಿನಾಯಕನಹಳ್ಳಿಗೆ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ... ಬಾಗಿಲು ತೆರೆದದ್ದು ಮಗಳು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮದುವೆಯಾದ ವರ್ಷವೇ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವರು ಇಲ್ಲೇ ಉಳಿದರಂತೆ. ನಾನು ಟೀ ವಿಷಯ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

"ನನ್ನ ನೋಡಾಕ ಬಂದ ದಿನ ನಮ್ಮಪ್ಪಗ ರಜಾ ಸಿಗಲಿಲ್ರಿ," ಎಂದರು. "ಹೋಟೆಲ್‌ನ್ಯಾಗ ಯಾರ್ದೋ ಹೆಣ್ಣು ತೋರ್ಸೋದಿತ್ತಂತ. ಕಾಫಿ ಕೊಡಾಕ ಹೋಗಿದ್ದ."