ಹಾಯ್ ಡಿಯರ್ ಅಲ್ಲ, ಯಾವೂರವ್ವ

"ಹಾಯ್ ಡಿಯರ್, ಫೋಟೊ ಕಳಿಸು" ಎಂದು ಬರೆದರೆ ನಮ್ಮ ಕಡೆಯ ಯಾವ ಹುಡುಗಿಯೂ ಮೋಸಹೋಗುವುದಿಲ್ಲ, ಕಿಸಕ್ಕನೆ ನಗುತ್ತಾಳೆ. ಇದನ್ನು ಆ ಗೇಮ್ ಡಿಸೈನರನಿಗೆ ಮೊದಲ ದಿನವೇ ಹೇಳಿದ್ದೆ. ಇಂಟರ್‌ನೆಟ್ಟಿನ ಕಳ್ಳರನ್ನು ಗುರುತಿಸುವುದನ್ನು ಹೈಸ್ಕೂಲು ಮಕ್ಕಳಿಗೆ ಕಲಿಸುವ ಮೊಬೈಲ್ ಗೇಮೊಂದನ್ನು ಅವನು ಚಿತ್ರದುರ್ಗದಲ್ಲಿ ರೂಮು ಹಿಡಿದು ಮಾಡುತ್ತಿದ್ದ. ಕಾನ್ವೆಂಟಿನಲ್ಲಿ ಓದಿ, ಅಂಥದೇ ಇನ್ನೊಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ನನ್ನನ್ನು ಡೈಲಾಗ್ ತಿದ್ದಲು ಕರೆದಿದ್ದ. ತಿದ್ದುವುದೆಂದರೆ ಅವನ ಲೆಕ್ಕದಲ್ಲಿ ಸ್ಪೆಲ್ಲಿಂಗ್ ನೋಡುವುದು.

"ಮೇಡಂ, ಇದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್. ನೀವು ಸುಮ್ನೆ ಕಾಮಾ ಹಾಕ್ರಿ, ಸಾಕು."

ಹೊಳಲ್ಕೆರೆಯಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಈ ಮಾತು! ಮೈ ಉರಿದುಹೋಯಿತು. ಕಾಮಾ ಹಾಕಲಿಲ್ಲ, ಗೇಮಿನ ಕಳ್ಳ ಕಳಿಸುವ ಆ 'ಹಾಯ್ ಡಿಯರ್' ಸಾಲನ್ನೇ ಹೊಡೆದುಹಾಕಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಹಾಗೆ ಬರೆದೆ: "ಯಾವೂರವ್ವ ನಿಂದು? ಯಾರ ಮಗಳು?"

ನಮ್ಮ ಕಾನ್ವೆಂಟಿನ ಸಿಸ್ಟರುಗಳು "ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್" ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಗೇಟು ದಾಟಿದ ಕೂಡಲೇ ನಾನು ಹೂವಿನವಳಿಗೆ, ಸೋಡಾ ಅಂಗಡಿಯವನಿಗೆ, ಕೇಳಿದವರಿಗೆಲ್ಲ ಯಾರ ಮಗಳೆಂದು ಹೇಳುತ್ತ ಮನೆ ಸೇರುತ್ತಿದ್ದೆ. ಯಾರೂ ಸ್ಟ್ರೇಂಜರ್ ಅನ್ನಿಸುತ್ತಲೇ ಇರಲಿಲ್ಲ. ಅಂಥ ಮಾತನ್ನು ಕಳ್ಳನ ಬಾಯಿಗೆ ಹಾಕುವಾಗ ಕೈ ಸ್ವಲ್ಪ ತಡೆಯಿತು. ಆದರೂ ಹಾಕಿದೆ.

ಗೇಮ್ ಟೆಸ್ಟ್ ಮಾಡಲು ಯಲ್ಲದಕೆರೆ ಕಡೆಯ ಒಂದು ಶಾಲೆಗೆ ಹೋದೆವು. ಮಕ್ಕಳು ಮನೆಯಿಂದ ಫೋನ್ ತಂದಿದ್ದರು, ಹಿಂದಿನ ಬೆಂಚುಗಳಲ್ಲಿ ಅಪ್ಪ ಅಮ್ಮಂದಿರಿದ್ದರು. ನನ್ನ ಸಾಲು ಬಂದದ್ದೇ ತಡ, ಇಡೀ ಕ್ಲಾಸು ಊರು, ಅಪ್ಪನ ಹೆಸರು ಎಲ್ಲ ಟೈಪ್ ಮಾಡಿಬಿಟ್ಟಿತು. ತಪ್ಪಾದರೆ ಕೆಂಪಕ್ಷರದಲ್ಲಿ "ಮೋಸಹೋದೆ!" ಎಂದು ಬಂದು ಕತ್ತೆ ಅರಚುವಂತೆ ಡಿಸೈನರ್ ಮಾಡಿದ್ದ. ನನಗೆ ಹೇಳಿರಲಿಲ್ಲ. ರೂಮಿನ ತುಂಬ ಕತ್ತೆಗಳು.

ಮುಂದಿನ ಬೆಂಚಿನ ಹತ್ತನೇ ಕ್ಲಾಸಿನ ಹುಡುಗಿಯ ಅಪ್ಪ ಎದ್ದು ಬಂದ. ಕುರಿ ಸಾಕುವವನು, ಬಯಲಿನಲ್ಲಿ ಕೂಗಿ ಕೂಗಿ ಗಟ್ಟಿಯಾದ ದನಿ.

"ತಾರಲೇ ಇಲ್ಲಿ ಫೋನು! ಕಂಡೋರಿಗೆಲ್ಲ ನನ್ ಹೆಸ್ರು ಹೇಳ್ತೀಯಾ?"

"ಅಪ್ಪಾ, ಪಾಠದ ವಿಡಿಯೊ ಎಲ್ಲ ಇದ್ರಾಗೇ ಅವೆ. ಪರೀಕ್ಷೆ ಹತ್ರ ಬಂತು."

"ಪುಸ್ತಕದಾಗೆ ಓದು."

ಫೋನ್ ಅವನ ಕೈ ಸೇರಿತು. ಹುಡುಗಿ ಅಪ್ಪನನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. "ಕೇಳಿದ್ರೆ ಹೇಳ್ಬೇಕಲ್ಲ ಮಿಸ್. ಹೇಳ್ದಿದ್ರೆ ಸೊಕ್ಕು ಅಂತ ಇವ್ರೇ ಬೈತಾರೆ."

"ಯುವರ್ ಲೈನ್, ಯುವರ್ ಪ್ರಾಬ್ಲಂ" ಎಂದು ಡಿಸೈನರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ನಾನು ಆ ಅಪ್ಪನ ದಾರಿಗೆ ಅಡ್ಡ ನಿಂತೆ. "ನೀವೂ ಒಂದ್ಸಲ ಆಡ್ರಿ. ಆಮೇಲೆ ಜೇಬಿಗೆ ಹಾಕ್ಕಳ್ರಿ."

"ನಾನೇನು ಹುಡುಗ್ರೇನ್ರಿ?" ಎನ್ನುತ್ತಲೇ ಕೂತ. ಯಾವೂರು ಎಂಬುದಕ್ಕೆ "ಹೇಳಲ್ಲ ಹೋಗಲೇ" ಎಂದು ಒಂದೇ ಬೆರಳಿನಲ್ಲಿ ಕುಟ್ಟಿದ. ಪಾಸ್. ಎದೆಯುಬ್ಬಿಸಿ ಮಗಳ ಕಡೆ ನೋಡಿದ. ಆಗ ಎರಡನೆಯ ಲೆವೆಲ್ ಬಂತು, ಅದೂ ನನ್ನದೇ ಬರಹ, ಈ ಶಾಲೆಗೆಂದೇ ಊರಿನ ಹೆಸರು ಸೇರಿಸಿದ್ದೆ: "ಅಲ್ಲಣ್ಣ, ಯಲ್ಲದಕೆರೆಗೆ ನಮ್ಮಕ್ಕನ್ನ ಕೊಟ್ಟೀವಿ. ನೀವು ಯಾರ ಪೈಕಿ?"

ಅವನ ಮುಖ ಅರಳಿತು. "ಕೆರೆ ಹಿಂದಿನ ಮನೇಗಾ? ಅವ್ರು ನಮ್ ಬೀಗರು" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಟೈಪ್ ಮಾಡಿದ.

ಕತ್ತೆ ಅರಚಿತು.

"ಯಾವನಲೇ ಇದನ್ನ ಬರ್ದೋನು?"

"ನಾನೇ" ಎಂದೆ.

"ಈ ವಯಸ್ಸಿಗೆ ನಿಮಗೆ ಇದೆಲ್ಲ ಬೇಕೇನ್ರಿ? ಮಾನ ಐತಾ?"

"ಮಗಳು ಮೋಸಹೋದ್ಲು ಅಂತ ಫೋನ್ ಕಿತ್ಕಂಡ್ರಿ. ಈಗ ನಿಮ್ದು ಯಾರು ಕಿತ್ಕಬೇಕು? ಫೇರ್ ಈಸ್ ಫೇರ್."

ಹಿಂದಿನ ಬೆಂಚುಗಳು ಘೊಳ್ಳೆಂದವು. "ಕೊಡಪ್ಪ, ಕೊಡು. ಬೀಗರಿಗೆ ಆಮೇಲೆ ಫೋನ್ ಮಾಡುವಂತೆ" ಎಂದು ಯಾರೋ ಕೂಗಿದರು. ಅವನು ಫೋನನ್ನು ಬೆಂಚಿನ ಮೇಲೆ ಕುಕ್ಕಿದ. "ತಗಾ, ಓದ್ಕ. ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಈವಮ್ಮನ ಮನೆಗೇ ಬಿಟ್ಟು ಬರ್ತೀನಿ." ಹುಡುಗಿ ಅದನ್ನು ಬ್ಯಾಗಿನ ತಳಕ್ಕೆ ತುರುಕಿದಳು. ಥ್ಯಾಂಕ್ಸ್ ಎನ್ನಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ಕಾರಿನಲ್ಲಿ ಡಿಸೈನರ್ ಶುರುಮಾಡಿದ. "ಎಲ್ರೂ ಫೇಲಾದ್ರೆ ರಿಪೋರ್ಟ್ ಕೆಡುತ್ತೆ ಮೇಡಂ. ಹಾಯ್ ಡಿಯರ್ ವಾಪಸ್ ಹಾಕ್ತೀನಿ."

"ಹಾಕಪ್ಪ. ಕತ್ತೆ ಕೂಗಬೇಕಾದ್ದು ನಿನಗೆ."

ಮನೆವರೆಗೂ ಬಿಡುತ್ತೇನೆಂದಿದ್ದವನು ದುರ್ಗದ ಬಸ್‌ಸ್ಟ್ಯಾಂಡಿನಲ್ಲೇ ಇಳಿಸಿ ಹೋದ. ಬೆಂಚಿನಲ್ಲಿದ್ದ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಗಂಟು ಸರಿಸಿ ಜಾಗ ಮಾಡಿದಳು.

"ಬರ್ರಿ, ಕುಂತ್ಕಳ್ರಿ. ಯಾವೂರು ನಿಮ್ದು? ಯಾರ ಮಗಳು?"

ಅಪ್ಪ ಹೋಗಿ ಎಷ್ಟೋ ವರ್ಷವಾಗಿದೆ. ಯಾರ ಮಗಳೆಂದು ನನ್ನನ್ನು ಕೇಳುವವರೇ ಈಗ ಇಲ್ಲ. ಕಿವಿಯಲ್ಲಿ ಕತ್ತೆ ಇನ್ನೂ ಅರಚುತ್ತಿತ್ತು. ನಾನು ಕೂತೆ, ಎಲ್ಲ ಹೇಳಿದೆ.