ಗೆರೆ ಎಳೆದ ಚೌಕ

ಮೂರನೇ ಕ್ಲಾಸಿಗೇ ಓದು ಬಿಟ್ಟವಳು ನಾನು. ಆದರೂ ಇದನ್ನು ಬರೆಯದೆ ಇರಲಾರೆ. ಅಷ್ಟು ಸಂತೋಷವಾಗಿದೆ.

ಮಗಳು ಕಣ್ಣೆದುರೇ ಇರಲಿ ಅಂತ ನನ್ನ ಕಡೇ ತಮ್ಮನಿಗೇ ಕೊಟ್ಟಿದ್ದೆ. ತುಮಕೂರಿನ ಮರಳೂರಲ್ಲಿ ಅವರ ಮನೆ. ಅವರ ಮಗಳಿಗೆ ಆರು ವರ್ಷ. ಕೂರುವುದಿಲ್ಲ, ಮಾತಿಲ್ಲ, ದಿನಕ್ಕೆ ನಾಲ್ಕೈದು ಸಲ ಫಿಟ್ಸ್. ನಾನು ಗುಬ್ಬಿಯಿಂದ ಹೋಗಿ ಬಾಗಿಲಲ್ಲಿ ಕೂಗಿದರೆ ನಗುತ್ತದೆ ಕೂಸು, ಅಷ್ಟೇ.

ಈ ವರ್ಷ ಮಗಳು ಮತ್ತೆ ಬಸುರಿಯಾದಳು. ಈ ಮಗುವಿಗೂ ಹಾಗೇ ಆದರೆ? ಮಕ್ಕಳ ಇಂಥ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ನಮ್ಮೆಲ್ಲರ ರಕ್ತ ಕೇಳಿದರು.

"ಅಕ್ಕ, ನಿನ್ ರಕ್ತದಲ್ಲಿ ಕಾಫಿ ಬಿಟ್ರೆ ಇನ್ನೇನ್ ಸಿಗುತ್ತೆ ಅವ್ರಿಗೆ?" ಅಂತ ತಮ್ಮ ನಕ್ಕ.

ಡಾಕ್ಟರಮ್ಮ ಹಾಳೆಯ ಮೇಲೆ ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತಾ, "ಅಜ್ಜಿ, ನಿಮ್ ವಂಶದಲ್ಲಿ ಇನ್ಯಾರಿಗಾದ್ರೂ ಹಿಂಗಿತ್ತಾ?" ಅಂದರು.

"ಯಾರ್ಗೂ ಇಲ್ಲ ಕಣವ್ವ."

ಸುಳ್ಳು. ಕುಣಿಗಲ್ ಹತ್ತಿರದ ನನ್ನ ತವರಲ್ಲಿ ನನಗಿನ್ನೊಬ್ಬ ತಮ್ಮನಿದ್ದ. ಹೀಗೇ ಮಾತಿಲ್ಲ, ಹೀಗೇ ಫಿಟ್ಸ್. ಒಂಬತ್ತು ತುಂಬುವ ಮೊದಲೇ ಹೋದ. ನನ್ನ ಮದುವೆಗೆ ಅಡ್ಡಿಯಾಗುತ್ತದೆಂದು, ಅವನ ಮಾತೆತ್ತದಂತೆ ಅಪ್ಪ ಆಣೆ ಹಾಕಿಸಿದ್ದ. ಆಮೇಲೆ ಹುಟ್ಟಿದ ಈ ಕಡೇ ತಮ್ಮನಿಗೂ ಗೊತ್ತಿಲ್ಲ.

ಬಾಗಿಲವರೆಗೆ ಹೋದವಳು ಮಗಳ ಹೊಟ್ಟೆ ನೋಡಿ ವಾಪಸ್ ಬಂದೆ. ಎಲ್ಲ ಹೇಳಿದೆ. ತಮ್ಮನ ನಗು ನಿಂತಿತು. ಡಾಕ್ಟರಮ್ಮ ಬೈಯಲಿಲ್ಲ. ನನ್ನ ಸೊನ್ನೆಯ ಪಕ್ಕ ಒಂದು ಚೌಕ ಬರೆದು, ಅದರ ಮೇಲೆ ಓರೆಯಾಗಿ ಗೆರೆ ಎಳೆದರು. ತೀರಿಕೊಂಡವರಿಗೆ ಹಾಗಂತೆ. ಒಂದು ಫೋಟೋ ಕೂಡ ಇಲ್ಲದವನು ಅಲ್ಲಿ ನಮ್ಮ ಜೊತೆ ಕೂತ.

"ವಂಶದಲ್ಲೇ ಬಂದಿದೆ ಅನ್ಸುತ್ತೆ. ಲ್ಯಾಬಲ್ಲಿ ಎಲ್ಲಿ ಹುಡುಕ್ಬೇಕು ಅಂತ ಈಗ ಗೊತ್ತಾಯ್ತು," ಅಂದರು.

ದೋಷ ಸಿಕ್ಕಿತು. ನನ್ನಲ್ಲಿ, ಮಗಳಲ್ಲಿ, ತಮ್ಮನಲ್ಲಿ ಒಂದೊಂದು ಪಾಲು. ಅಪ್ಪ ಅಮ್ಮ ಇಬ್ಬರಿಂದಲೂ ಆ ಪಾಲು ಬಂದರೆ ಮಾತ್ರ ಮಗುವಿಗೆ ಕಾಯಿಲೆಯಂತೆ. ಗರ್ಭದ ನೀರಿನ ಪರೀಕ್ಷೆಯೂ ಆಯಿತು. ಮೊನ್ನೆ ನಾನು ಮಗಳ ಮನೆಯಲ್ಲಿದ್ದಾಗ ಫೋನ್ ಬಂತು: ಹೊಟ್ಟೆಯ ಮಗುವಿಗೆ ಕಾಯಿಲೆ ಇಲ್ಲ!

ಮಂಡಿನೋವು ಮರೆತು ಕುಣಿದೆ. ಬೀದಿಗೆಲ್ಲ ಸಕ್ಕರೆ ಹಂಚಿ ಬಂದೆ.

ಮಗಳು ಹಿರಿಯವಳ ಜೊಲ್ಲು ಒರೆಸುತ್ತಾ ಕೂತಿದ್ದಳು. "ಅಮ್ಮ, ಸತ್ತೋದ ಆ ಮಾವನ್ ವಿಷ್ಯ ನನ್ ಮದ್ವೆಗ್ ಮುಂಚೇನೇ ಹೇಳಿದ್ದಿದ್ರೆ?"

"ಇವ್ಳು ಹುಟ್ತಾನೇ ಇರ್ಲಿಲ್ಲ ಕಣೇ."

"ಹುಟ್ಟಿ ನರಳ್ತಾನೂ ಇರ್ಲಿಲ್ಲ."

ಇವಳಿಗೆ ಔಷಧಿ ಇನ್ನೂ ಯಾರೂ ಕಂಡುಹಿಡಿದಿಲ್ಲವಂತೆ. ಕೂಸಿಗೆ ಗಂಜಿ ಕುಡಿಸುವ ಹೊತ್ತಾಗಿತ್ತು. ತಲೆ ನಾನು ಹಿಡಿದೆ, ಚಮಚ ಅವಳು ಹಿಡಿದಳು.