ಸಾಲಿನ ಕೊನೆಯ ಗುಂಡಿಯ ಕೊಳಲು

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉಳಿದವುಗಳಿಗಿಂತ ಉದ್ದವಾಗಿತ್ತು. ಅದರ ಅಡಿಯಲ್ಲಿ ಸದಾ ಸ್ವಲ್ಪ ಬಿಳಿ ಮೇಣ ಸಿಕ್ಕಿಕೊಂಡಿರುತ್ತಿತ್ತು. ಕೀಬೋರ್ಡಿನ ಮುಂದೆ ಕುಳಿತೊಡನೆ ಆ ಉಗುರು ಗುಂಡಿಗಳ ಸಾಲಿನ ಮೇಲೆ ಮೆಲ್ಲನೆ ಒಂದು ಸಲ ಹರಿದು ಹೋಗುತ್ತಿತ್ತು. ಅದು ಕಲಾವಿದರ ಒಂದು ಅಭ್ಯಾಸವೆಂದು ನಾನು ಭಾವಿಸಿದ್ದೆ.

ಅವರನ್ನು ನಾವೆಲ್ಲರೂ ಮಾಸ್ಟ್ರು ಎಂದು ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ನಮೂದಿಸುತ್ತೇನೆ. ಶಿರ್ವದವರು. ಬಹಳ ವರ್ಷ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸಿ, ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಉಡುಪಿಯ ನಮ್ಮ ಆರ್ಕೆಸ್ಟ್ರಾ ತಂಡಕ್ಕೆ ಬಂದಿದ್ದರು. ನಾನು ಕಾರ್ಕಳದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಭಾನುವಾರಗಳಲ್ಲೂ ರಜೆ ಮಂಜೂರಾದ ದಿನಗಳಲ್ಲೂ ಅದೇ ತಂಡದಲ್ಲಿ ಹಾಡುತ್ತಿದ್ದೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಕೀಬೋರ್ಡನ್ನು ತಂಡದ ಯಜಮಾನರ ಭಾವ ಬಹರೈನಿನಿಂದ ತಂದುಕೊಟ್ಟಿದ್ದರು. ಅದರಲ್ಲಿ ಕಂಪೆನಿಯವರು ತುಂಬಿಸಿದ ಸ್ವರಗಳಲ್ಲದೆ, ನುಡಿಸುವವರು ತಾವೇ ತಿದ್ದಿದ ಹದಿನಾರು ಸ್ವರಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆಯಿತ್ತು. ಎಂಟೆಂಟು ಗುಂಡಿಗಳ ಎರಡು ಸಾಲು. ಒಂದೊಂದು ಗುಂಡಿಗೆ ಒಂದೊಂದು ಸ್ವರ. ನಮ್ಮವರು ಅದನ್ನು ಟೋನ್ ಎನ್ನುತ್ತಿದ್ದರು.

ಕೊಳಲಿನ ಟೋನನ್ನು ಮಾಸ್ಟ್ರು ಮೂರು ಭಾನುವಾರ ಕುಳಿತು ತಿದ್ದಿದರು. "ಈ ಮೆಷಿನು ಉಸಿರು ತೆಗೆಯದೆ ಊದ್ತದೆ ಮಾರಾಯ್ರೆ. ಹಾಗೆ ಊದಿದರೆ ಮನುಷ್ಯ ಸಾಯ್ತಾನೆ" ಎಂದು ಹೇಳಿ, ಸ್ವರ ಹುಟ್ಟುವಲ್ಲಿ ಸ್ವಲ್ಪ ಗಾಳಿಯನ್ನೂ, ಮುಗಿಯುವಲ್ಲಿ ಒಂದಿಷ್ಟು ನಡುಕವನ್ನೂ ಸೇರಿಸಿದರು. ನಡುನಡುವೆ ನನ್ನನ್ನು ಕರೆದು, "ಆಫೀಸರೇ, ಪರದೆಯಲ್ಲಿ ಎಂತ ಉಂಟು, ಓದಿ ನೋಡುವಾ" ಎನ್ನುತ್ತಿದ್ದರು. ನಾನು ಕೀಬೋರ್ಡಿನ ಪುಟ್ಟ ಪರದೆಯ ಮೇಲಿನ ಅಂಕೆಗಳನ್ನು ಓದಿ ಹೇಳುತ್ತಿದ್ದೆ. ನನಗೆ ಕಲಿಸುವ ಸಲುವಾಗಿಯೇ ಓದಿಸುತ್ತಿದ್ದಾರೆಂದು ತಿಳಿದು ಸಂತೋಷಪಟ್ಟಿದ್ದೂ ಉಂಟು. ಕೊನೆಗೆ ಆ ಕೊಳಲನ್ನು ಕೆಳಸಾಲಿನ ಕೊನೆಯ ಗುಂಡಿಯಲ್ಲಿ ಉಳಿಸಿದರು.

ಉಳಿದ ಟೋನುಗಳ ಕ್ರಮ ನನಗೆ ಅರ್ಥವಾಗುತ್ತಿರಲಿಲ್ಲ. ಪಿಟೀಲಿನ ಪಕ್ಕ ತಬಲಾ, ತಬಲಾದ ಪಕ್ಕ ಶಹನಾಯಿ. ಮಿಮಿಕ್ರಿಗೆಂದು ಇಟ್ಟಿದ್ದ ಹೆಲಿಕಾಪ್ಟರಿನ ಸದ್ದು ಎಲ್ಲಿಯೋ ಮಧ್ಯದಲ್ಲಿ. ಗುಂಡಿಗಳ ಮೇಲೆ ಅಲ್ಲಲ್ಲಿ ಮೋಂಬತ್ತಿಯ ಹನಿ ಬೇರೆ ಬಿದ್ದಿತ್ತು. ಒಮ್ಮೆ ಕೇಳಿದ್ದಕ್ಕೆ, "ನಿಮ್ಮ ಮನೆಯಲ್ಲಿ ಉಪ್ಪಿನ ಡಬ್ಬಕ್ಕೆ ಚೀಟಿ ಅಂಟಿಸಿ ಉಂಟಾ?" ಎಂದು ನಕ್ಕುಬಿಟ್ಟಿದ್ದರು.

ಕಾಪುವಿನ ಒಂದು ಮದುವೆಗೆ ಮುಂಚಿನ ಭಾನುವಾರ ಮಾಸ್ಟ್ರಿಗೆ ಜ್ವರ ಬಂದ ಕಾರಣ ಅಭ್ಯಾಸ ನಡೆಯಲಿಲ್ಲ. ಉಡುಪಿಯಲ್ಲಿ ತಂಡದ ಅಭ್ಯಾಸದ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಅವರ ಮೆಚ್ಚುಗೆ ಗಳಿಸಬೇಕೆಂಬ ಒಂದೇ ಉದ್ದೇಶದಿಂದ, ಕಚೇರಿಯಲ್ಲಿ ಕಡತಗಳನ್ನು ವಿಷಯವಾರು ಜೋಡಿಸುವಂತೆ, ಹದಿನಾರು ಟೋನುಗಳನ್ನು ಕ್ರಮಬದ್ಧಗೊಳಿಸಿದೆ. ಮೊದಲು ತಂತಿವಾದ್ಯ, ಅನಂತರ ಊದುವ ವಾದ್ಯ, ಅನಂತರ ಚರ್ಮವಾದ್ಯ, ಕಟ್ಟಕಡೆಗೆ "ಇತರೆ". ಪಟ್ಟಿಯನ್ನು ಬೆರಳಚ್ಚು ಮಾಡಿ ಗುಂಡಿಗಳ ಮೇಲ್ಗಡೆ ಅಂಟಿಸಿದೆ. ಮೇಣದ ಹನಿಗಳನ್ನು ಬ್ಲೇಡಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮದುವೆಯ ದಿನ ಮಧ್ಯಾಹ್ನ ಮಾಸ್ಟ್ರು ಬಸ್ಸಿನಿಂದ ಇಳಿದು ಸಭಾಂಗಣಕ್ಕೆ ಬರುವಷ್ಟರಲ್ಲಿ ಮದುಮಗಳು ಬಾಗಿಲಲ್ಲಿದ್ದಳು. ಜ್ವರ ಬಿಟ್ಟಿದ್ದರೂ ಮುಖ ಬಾಡಿತ್ತು. ಯಜಮಾನರು, "ಕೊಳಲು, ಮಾಸ್ಟ್ರೇ, ಕೊಳಲು" ಎಂದು ಅವಸರ ಮಾಡಿದರು. ಪಟ್ಟಿಯ ವಿಚಾರ ತಿಳಿಸಲು ನನಗೆ ಸಮಯ ಸಿಗಲಿಲ್ಲ. ಎದುರಿಗೇ ಅಂಟಿಸಿದ್ದರಿಂದ ಅಗತ್ಯವೆಂದೂ ತೋರಲಿಲ್ಲ. ಅವರ ಉಗುರು ಸಾಲಿನ ಮೇಲೆ ಹರಿಯಿತು, ಒಮ್ಮೆ ತಡೆಯಿತು, ಹಿಂದಕ್ಕೆ ಬಂತು, ಪುನಃ ಮುಂದಕ್ಕೆ ಹೋಗಿ ಕೊನೆಯ ಗುಂಡಿಯನ್ನು ಒತ್ತಿತು.

ಹೆಲಿಕಾಪ್ಟರು ಇಳಿಯಿತು. ಸಭೆಯೆಲ್ಲ ನಕ್ಕಿತು. ಅವರು ಇನ್ನೊಂದು ಗುಂಡಿ ಒತ್ತಿದರು, ತಬಲಾ ಬಂತು. ಮೂರನೆಯದಕ್ಕೆ ಕೈ ಹಾಕದೆ, ಕಂಪೆನಿಯವರ ಪಿಯಾನೋ ಸ್ವರವೊಂದರಲ್ಲೇ ಕಾರ್ಯಕ್ರಮ ಮುಗಿಸಿದರು.

ಅನಂತರ ಯಜಮಾನರು ಬಂದು, "ಎಂತ ಮಾಸ್ಟ್ರೇ, ಮದುಮಗಳನ್ನು ದುಬೈಯಿಂದ ಇಳಿಸಿದಿರಾ?" ಎಂದರು.

"ಕೈ ತಪ್ಪಿತು."

"ಪಟ್ಟಿ ಎದುರಿಗೇ ಉಂಟಲ್ಲ. ನೋಡಿ ಒತ್ತಲಿಕ್ಕೆ ಎಂತ ಕಷ್ಟ?"

ಮಾಸ್ಟ್ರು ಮುಖವನ್ನು ಪಟ್ಟಿಯ ಹತ್ತಿರ ತಂದರು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರೂ ಏನನ್ನೂ ಓದಲಿಲ್ಲ. ಯಜಮಾನರು ದನಿ ತಗ್ಗಿಸಿ, "ಮೊದಲನೆಯದು ಎಂತ ಉಂಟು ಹೇಳಿ" ಎಂದರು. ಮಾಸ್ಟ್ರು ಉಗುರಿನಿಂದ ಕಾಗದವನ್ನು ಸವರಿದರು. ಅವರಿಗೆ ಕಣ್ಣು ಕಾಣುವುದಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ತಿಳಿದದ್ದು ಆಗಲೇ. ನಾನು ಪಕ್ಕದಲ್ಲಿ ಮೈಕಿನ ವಯರು ಸುತ್ತುತ್ತಾ ನಿಂತಿದ್ದೆ. ಜೋಡಣೆ ಬದಲಿಸಿದವನು ನಾನೆಂದು ಹೇಳಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಮಣಿಪಾಲದಿಂದ ಬೇರೊಬ್ಬರು ಬಂದರು.

ಎರಡು ವಾರಗಳ ತರುವಾಯ ಶಿರ್ವದಲ್ಲಿದ್ದ ಮಾಸ್ಟ್ರ ಮನೆಗೆ ಹೋದೆ. ತಪ್ಪೊಪ್ಪಿಗೆಯ ವಾಕ್ಯಗಳನ್ನು ಬಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದೆ. ಮೊದಲನೆಯ ವಾಕ್ಯ ಮುಗಿಯುವ ಮುಂಚೆಯೇ ಅವರು ತಡೆದರು.

"ಗೊತ್ತುಂಟು. ಉಗುರಿಗೆ ಮೇಣ ಸಿಗದಾಗಲೇ ಗೊತ್ತಾಯ್ತು. ಪಟ್ಟಿ ಅಂಟಿಸುವವರು ತಂಡದಲ್ಲಿ ಬೇರೆ ಯಾರಿದ್ದಾರೆ?"

"ಯಜಮಾನರಿಗೆ ತಿಳಿಸುತ್ತೇನೆ, ಮಾಸ್ಟ್ರೇ."

"ಎಂತ ತಿಳಿಸ್ತೀರಿ? ನನಗೆ ಕಾಣುದಿಲ್ಲ ಅಂತ ಅವರಿಗೆ ಗೊತ್ತಾಯ್ತಲ್ಲ. ನಿಮ್ಮ ಹೆಸರು ಸೇರಿಸಿದರೆ ನನಗೆ ಕಣ್ಣು ಬರ್ತದಾ?" ಮತ್ತೆ, "ನಿಮ್ಮ ಪಟ್ಟಿ ಒಳ್ಳೆದೇ ಉಂಟಂತೆ. ಹೊಸಬನಿಗೆ ಸುಲಭ ಆಯ್ತಂತೆ" ಎಂದರು.

ಪುನಃ ಹಿಂದಿನಂತೆಯೇ ಜೋಡಿಸೋಣ, ಪರದೆಯನ್ನು ನಾನು ಓದುತ್ತೇನೆ ಎಂದು ಬೇಡಿಕೊಂಡೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಬೇಡ. ಬಚ್ಚಿತು ಮಾರಾಯ್ರೆ, ಸುಸ್ತಾಯ್ತು. ನುಡಿಸಿ ಬಚ್ಚಿದ್ದಲ್ಲ. ಕಾಣ್ತದೆ ಅಂತ ತೋರಿಸಿ ತೋರಿಸಿ ಬಚ್ಚಿದ್ದು. ಈಗ ಅದೊಂದು ಇಲ್ಲ. ಚಾ ಕುಡಿಯಿರಿ."

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಕಚೇರಿಗೆ ಬಂತು. ಅರ್ಧ ದಿನದ ರಜೆ ಪಡೆದು, ಬೆಳ್ಮಣ್ ಮಾರ್ಗವಾಗಿ ಹೋದೆ. ಇಗರ್ಜಿಯ ಹೊರಗೆ ನಿಂತಿದ್ದ ಯಜಮಾನರು, "ಎಂಥ ಕೈ ಅಲ್ವಾ. ಕಾಪುವಿನಲ್ಲಿ ಒಂದು ಸಲ ತಪ್ಪಿತು, ಅಷ್ಟೆ" ಎಂದರು. ಆಗಲೂ ನಾನು ನಿಜ ಹೇಳದೆ, ಹೌದೆಂಬಂತೆ ತಲೆಯಾಡಿಸಿದೆ.

ತಂಡದಲ್ಲಿದ್ದವರು ಸಿಕ್ಕಾಗ ಆ ಹೆಲಿಕಾಪ್ಟರಿನ ಕಥೆಯನ್ನು ಈಗಲೂ ಹೇಳಿ ನಗುತ್ತಾರೆ. ಅವರೆಲ್ಲರ ಅವಗಾಹನೆಗಾಗಿ ಇದನ್ನು ಬರೆದಿದ್ದೇನೆ. ಆ ದಿನ ಮಾಸ್ಟ್ರ ಕೈ ತಪ್ಪಿರಲಿಲ್ಲ. ಅವರು ಒತ್ತಿದ್ದು ಕೊಳಲನ್ನೇ.